ಥೇಮ್ಸ್ ದಂಡೆ ಯಾರ ಪಾಲಿಗೆ?

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಎದ್ದ ಐಷಾರಾಮಿ ವಸತಿ ಗೋಪುರಗಳ ಮೇಲಿನ ದೂರು ಹೆಚ್ಚಾಗಿ ಅವುಗಳ ಎತ್ತರದ್ದು. ನನ್ನ ತಕರಾರು ಎತ್ತರದ ಬಗ್ಗೆ ಅಲ್ಲ. ಊರಿನ ಅತ್ಯುತ್ತಮ ಜಾಗ ಊರಿನ ಬದುಕಿಗೇ ಎರವಾಗುತ್ತಿದೆ ಎಂಬುದು ನನ್ನ ಸಂಕಟ. ವಾಕ್ಸ್‌ಹಾಲ್‌ನಲ್ಲಿ 2014ರಲ್ಲಿ ಮುಗಿದ ಸೇಂಟ್ ಜಾರ್ಜ್ ವಾರ್ಫ್ ಗೋಪುರಕ್ಕೆ 50 ಮಹಡಿ, 214 ಮನೆ. ಪರಿಶೀಲನಾಧಿಕಾರಿ ಬೇಡವೆಂದರೂ 2005ರಲ್ಲಿ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಒಪ್ಪಿಗೆ ಕೊಟ್ಟಿದ್ದರು. 2016ರಲ್ಲಿ ಗಾರ್ಡಿಯನ್ ಪತ್ರಿಕೆ ದಾಖಲೆಗಳನ್ನು ಜಾಲಾಡಿದಾಗ ಮೂರರಲ್ಲಿ ಎರಡು ಪಾಲಿನಷ್ಟು ಮನೆಗಳು ವಿದೇಶಿಯರ ಒಡೆತನದಲ್ಲಿದ್ದವು. 184 ಮನೆಗಳ ವಿಳಾಸದಲ್ಲಿ ಒಬ್ಬ ಮತದಾರನೂ ಇರಲಿಲ್ಲ. ಮತದ ಹಕ್ಕಿಲ್ಲದವರು ಅಲ್ಲಿ ವಾಸವಿರಬಹುದು, ನಿಜ. ಆದರೂ ವಸತಿಗೆ ಹಾಹಾಕಾರವಿರುವ ನಗರದಲ್ಲಿ ಈ ಲೆಕ್ಕವನ್ನು ತಳ್ಳಿಹಾಕಲಾಗದು.

ಇದಕ್ಕೆ ಕೊಡುವ ಉತ್ತರದಲ್ಲೂ ತೂಕವಿದೆ. ಒಂದು ಕಾಲಕ್ಕೆ ಈ ದಂಡೆ ಗೋದಾಮು, ಕಾರ್ಖಾನೆಗಳದ್ದಾಗಿತ್ತು. ಬಿಲ್ಡರ್‌ಗಳ ಹಣ ಬಂದ ಮೇಲೆ ಹಲವೆಡೆ ಜನ ನಡೆದಾಡುವ ದಾರಿ ತೆರೆಯಿತು, ಶ್ರೀಮಂತರ ಫ್ಲ್ಯಾಟುಗಳ ಲಾಭದಿಂದಲೇ ಕಡಿಮೆ ದರದ ಮನೆಗಳೂ ಆಗುತ್ತವೆ ಎನ್ನುತ್ತಾರೆ. ದಾರಿಯ ಮಾತು ಒಪ್ಪಿದೆ. ಮನೆಗಳ ಮಾತನ್ನು ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಯೋಜನೆಯೇ ಸುಳ್ಳು ಮಾಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳ ಈ ಯೋಜನೆಯಲ್ಲಿ ಕಡಿಮೆ ದರದವು 636 ಎಂದು ನಿಗದಿಯಾಗಿತ್ತು. ಖರ್ಚು ಏರಿತೆಂಬ ಕಾರಣಕ್ಕೆ 2017ರಲ್ಲಿ ಅದು 386ಕ್ಕೆ ಇಳಿಯಿತು, ಸ್ಥಳೀಯ ಆಡಳಿತವೂ ಒಪ್ಪಿತು. ಲೆಕ್ಕ ತಪ್ಪಿದಾಗ ಮೊದಲು ಕತ್ತರಿ ಬೀಳುವುದು ಬಡವನ ಪಾಲಿಗೆ ಎಂದಾದರೆ ಅದನ್ನು ಯೋಜನೆಯ ಉದ್ದೇಶವೆಂದು ಹೇಗೆ ನಂಬುವುದು?

ನನ್ನನ್ನು ಹೆಚ್ಚು ಕಾಡುವುದು ನಿಯೋ ಬ್ಯಾಂಕ್‌ಸೈಡ್ ಪ್ರಕರಣ. ಉಚಿತ ಪ್ರವೇಶದ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ 2000ದಲ್ಲಿ ತೆರೆದು ಆ ದಂಡೆಗೆ ಕಳೆ ತಂದಿತು. ಅದರ ಮಗ್ಗುಲಲ್ಲೇ ನಿಯೋ ಬ್ಯಾಂಕ್‌ಸೈಡ್‌ನ ಗಾಜಿನ ಗೋಡೆಯ ದುಬಾರಿ ಫ್ಲ್ಯಾಟುಗಳು ಎದ್ದವು. 2016ರಲ್ಲಿ ಸಂಗ್ರಹಾಲಯ ಹತ್ತನೆಯ ಮಹಡಿಯಲ್ಲಿ ವೀಕ್ಷಣಾ ಜಗಲಿ ತೆರೆದಾಗ, ಜನ ತಮ್ಮ ಮನೆಯೊಳಗೆ ಇಣುಕುತ್ತಾರೆಂದು ಕೆಲವು ನಿವಾಸಿಗಳು ದಾವೆ ಹೂಡಿದರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತವರು 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 3–2 ಬಹುಮತದಿಂದ ಗೆದ್ದರು. ದಿನವಿಡೀ ಅಪರಿಚಿತರ ಕಣ್ಣಿಗೆ ಬೀಳುವುದು ಹಿಂಸೆಯೇ. ಆ ನಿವಾಸಿಗಳನ್ನು ದೂರಲಾರೆ. ಆದರೆ ಊರೆಲ್ಲ ನೋಡಬಹುದಾದ ನೋಟಕ್ಕೆ ಬೆಲೆ ಕಟ್ಟಿ ಮಾರಿದ ಮೇಲೆ ಹಿಂದೆ ಸರಿಯಬೇಕಾದವರು ಸಾರ್ವಜನಿಕರೇ ಆದರು.

ಬೇರೆ ದಾರಿಯೇ ಇರಲಿಲ್ಲ ಎನ್ನುವವರು ಅದೇ ದಂಡೆಯಲ್ಲಿ ಕೆಲವು ನಿಮಿಷ ಪಶ್ಚಿಮಕ್ಕೆ ನಡೆದರೆ ಸಾಕು. 1984ರಲ್ಲಿ ಕಾಯಿನ್ ಸ್ಟ್ರೀಟಿನ 13 ಎಕರೆ, ಆ ಜಾಗಕ್ಕಾಗಿ ಹೋರಾಡಿದ ಸ್ಥಳೀಯರ ಸಂಸ್ಥೆಯ ಕೈ ಸೇರಿತು. ಅಲ್ಲಿ ಉದ್ಯಾನ, ನಡಿಗೆ ದಾರಿ, ಸಹಕಾರಿ ವಸತಿಗಳು ಬಂದವು. ಆಕ್ಸೊ ಟವರ್ ಕಟ್ಟಡದ 78 ಫ್ಲ್ಯಾಟುಗಳು, ಹೊಳೆಯ ದಂಡೆಯ ಮೇಲೇ ಇದ್ದೂ, ಮಾರಾಟಕ್ಕಲ್ಲದೆ ಸಹಕಾರ ಸಂಘದ ಬಾಡಿಗೆದಾರರಿಗೆ ಸಿಕ್ಕಿವೆ.