ಮಿಕ್ಕ ಅನ್ನದ ಲೆಕ್ಕ

ಪಾಕಗ್ರಂಥಗಳನ್ನು ವಿಮರ್ಶೆಯ ದೃಷ್ಟಿಯಿಂದ ಓದುವ ಪದ್ಧತಿ ನಮ್ಮಲ್ಲಿ ಹೆಚ್ಚಾಗಿ ಬೆಳೆದಿಲ್ಲ. ಅಡಿಗೆಯ ಪುಸ್ತಕವೆಂದರೆ ಅಡಿಗೆಮನೆಯ ಗೂಡಿನಲ್ಲಿರಬೇಕಾದದ್ದು, ಧರ್ಮಗ್ರಂಥವೆಂದರೆ ವ್ಯಾಸಪೀಠದ ಮೇಲಿರಬೇಕಾದದ್ದು ಎಂದು ಎರಡನ್ನೂ ಬೇರೆಬೇರೆ ಇಟ್ಟುಬಿಟ್ಟಿದ್ದೇವೆ. ಆದರೆ ಶ್ರಾವಕನು ದಿನಕ್ಕೆ ಎರಡು ಸಲವಾದರೂ ತನ್ನ ಧರ್ಮವನ್ನು ಪರೀಕ್ಷೆಗೆ ಒಡ್ಡುವುದು ಊಟದ ಎಲೆಯ ಮುಂದೆಯೇ ಆಗಿರುವುದರಿಂದ ಈ ಎರಡು ಬಗೆಯ ಗ್ರಂಥಗಳನ್ನೂ ಒಟ್ಟಿಗೆ ಓದುವುದು ಅವಶ್ಯವೆಂದು ನನಗೆ ತೋರುತ್ತದೆ. ನಾನು ನಲವತ್ತು ವರ್ಷ ಕಾಳುಕಡಿಯ ವ್ಯಾಪಾರ ಮಾಡಿದವನು, ವಾಣಿಜ್ಯಶಾಸ್ತ್ರದ ಪದವೀಧರನೇ ಹೊರತು ಪಂಡಿತನಲ್ಲ. ಆದ್ದರಿಂದ ಈ ಓದು ವರ್ತಕನ ಓದು ಎಂದು ವಾಚಕರು ಮೊದಲೇ ತಿಳಿಯಬೇಕು.

ಕನ್ನಡದಲ್ಲಿ ಪಾಕಸಾಹಿತ್ಯದ ಪರಂಪರೆ ಹಿರಿದಾದದ್ದು. 11ನೆಯ ಶತಮಾನದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಬಾವಿಯ ನೀರು, ಗಿಡಮರಗಳ ಆರೈಕೆ ಮುಂತಾದ ವಿಷಯಗಳ ಜೊತೆಗೆ ಅಡಿಗೆಗೂ ಒಂದು ಸ್ಥಾನ ಕೊಟ್ಟನು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅನ್ನವನ್ನು ರಾಜಭೋಗಗಳಲ್ಲಿ ಒಂದೆಂದು ಎಣಿಸಿದನು. ಕ್ರಿ.ಶ. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನು ಪಾಕಕ್ಕಾಗಿಯೇ ‘ಸೂಪಶಾಸ್ತ್ರ’ವೆಂಬ ಸ್ವತಂತ್ರ ಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಈತನು ಜೈನ ಕವಿ, ಪ್ರಭುವಂಶದವನು. ‘ಸಮ್ಯಕ್ತ್ವಕೌಮುದಿ’, ‘ಜಯನೃಪಕಾವ್ಯ’, ‘ನೇಮಿಜಿನೇಶಸಂಗತಿ’ಗಳನ್ನು ಬರೆದ ಕೈಯೇ ಹಿಟ್ಟಿನ ಭಕ್ಷ್ಯ, ಪಾನಕ, ಅನ್ನದ ಬಗೆ, ಬದನೆ, ಬಾಳೆ, ಹಲಸುಗಳ ಪಾಕವನ್ನೂ ಬರೆಯಿತೆಂಬುದು ನಮಗೆ ಹೆಮ್ಮೆಯ ವಿಷಯ. ಅಡಿಗೆಯನ್ನು ಕಾವ್ಯಕ್ಕೆ ಅಯೋಗ್ಯವಾದ ವಸ್ತುವೆಂದು ಆತನು ತಿಳಿಯಲಿಲ್ಲ. ಆತನ ಪಾಕವೆಲ್ಲವೂ ಸಸ್ಯಾಹಾರದ್ದು.

ಆದರೆ ಹೆಮ್ಮೆಯು ವಿಮರ್ಶೆಗೆ ಅಡ್ಡಿಯಾಗಬಾರದು. ‘ಸೂಪಶಾಸ್ತ್ರ’ವು ಶ್ರಾವಕಾಚಾರದ ಗ್ರಂಥವಲ್ಲ. ಅನೇಕ ಶ್ರಾವಕರು ಬಹುಬೀಜವೆಂದು ವರ್ಜಿಸುವ ಬದನೆಕಾಯಿಗೆ ಕವಿಯು ಧಾರಾಳವಾಗಿ ಸ್ಥಳ ಕೊಟ್ಟಿರುವುದೇ ಇದಕ್ಕೆ ಸಾಕ್ಷಿ. ಆತನ ಲಕ್ಷ್ಯವು ಪಾಕದ ವೈವಿಧ್ಯದ ಮೇಲೆ, ಪರಿಮಳದ ಮೇಲೆ, ಉಣ್ಣುವವನ ಸಂತೋಷದ ಮೇಲೆ. ಎಷ್ಟು ಜನಕ್ಕೆ ಎಷ್ಟು ಅಕ್ಕಿ, ಮಿಕ್ಕದ್ದೇನಾಯಿತು ಎಂಬುದು ಅಂಥ ಗ್ರಂಥದ ಪ್ರಧಾನ ವಿಷಯವಾಗಲಾರದು. ಪ್ರಭುವಿನ ಪಾಕಶಾಲೆಯಲ್ಲಿ ಮಿಕ್ಕದ್ದನ್ನು ಉಣ್ಣಲು ಆಳುಕಾಳು ಇರುತ್ತಾರೆ, ಗೋಶಾಲೆ ಇರುತ್ತದೆ. ಮಿಕ್ಕದ್ದರ ಚಿಂತೆ ಗೃಹಿಣಿಯ ಚಿಂತೆ, ಗೃಹಿಣಿಯು ಗ್ರಂಥ ಬರೆಯಲಿಲ್ಲ. ಹೀರೆಕಾಯಿಯ ಸಿಪ್ಪೆಯನ್ನು ಹುರಿದು ಚಟ್ನಿ ಮಾಡುವುದು, ಹೋಳಿಗೆಯ ದಿನ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುವುದು, ಬಾಳೆಯ ಗಿಡ ಕಡಿದರೆ ದಿಂಡನ್ನು ಪಲ್ಯಕ್ಕೆ ತೆಗೆಯುವುದು, ಹಲಸಿನ ಬೀಜವನ್ನು ತೊಳೆದು ಆರಿಸಿಡುವುದು, ತುಪ್ಪ ಕಾಸಿದ ಪಾತ್ರೆಯ ಗಸಿಗೆ ಬಿಸಿ ಅನ್ನ ಕಲಸಿ ಮಕ್ಕಳ ಕೈಗೆ ಒಂದೊಂದು ತುತ್ತು ಹಾಕುವುದು, ಇವೆಲ್ಲ ಬರೆಯದ ಶಾಸ್ತ್ರ. ಆ ಗಸಿಯ ತುತ್ತಿಗಾಗಿ ನಾವು ಅಣ್ಣತಮ್ಮಂದಿರು ಒಲೆಯ ಮುಂದೆ ಸಾಲಾಗಿ ಕುಳಿತಿರುತ್ತಿದ್ದೆವು. ಪಕ್ವಾನ್ನಗಳ ರುಚಿ ಮರೆತಿದೆ, ಅದು ಮರೆತಿಲ್ಲ.

ಇಂದಿನ ಪಾಕಪುಸ್ತಕಗಳೂ ಪತ್ರಿಕೆಗಳ ಅಡಿಗೆಯ ಅಂಕಣಗಳೂ ಈ ಕೊರತೆಯನ್ನು ತುಂಬಲು ಹೊರಟಿವೆ. ‘ಮಿಕ್ಕ ಅನ್ನದಿಂದ ಬಗೆಬಗೆಯ ತಿಂಡಿ’, ‘ಉಳಿದ ಚಪಾತಿಗೆ ಹೊಸ ರೂಪ’ ಎಂಬ ಶೀರ್ಷಿಕೆಗಳು ಸಾಮಾನ್ಯವಾಗಿವೆ. ಉದ್ದೇಶ ಸ್ತುತ್ಯವೇ. ಆದರೆ ಅವುಗಳ ತರ್ಕವನ್ನು ಪರಿಶೀಲಿಸಿದರೆ ಎರಡು ದೋಷಗಳು ಕಾಣುತ್ತವೆ. ಮೊದಲನೆಯದು, ಅವು ಅನ್ನವು ಮಿಕ್ಕಿಯೇ ಮಿಗುತ್ತದೆ ಎಂದು ಹಿಡಿದು ಆರಂಭವಾಗುತ್ತವೆ. ಏಕೆ ಮಿಕ್ಕಿತು ಎಂದು ಕೇಳುವುದೇ ಇಲ್ಲ. ಎರಡನೆಯದು, ಒಂದು ಬಟ್ಟಲು ಅನ್ನವನ್ನು ಉಳಿಸಲು ಎಣ್ಣೆ, ಹಿಟ್ಟು, ಗೋಡಂಬಿ, ಅನಿಲ ಇಷ್ಟನ್ನೂ ಖರ್ಚು ಮಾಡಿಸುತ್ತವೆ. ಹತ್ತು ರೂಪಾಯಿಯ ಹಳೆಯ ಮಾಲನ್ನು ಮಾರಲು ಇಪ್ಪತ್ತು ರೂಪಾಯಿ ವೆಚ್ಚ ಮಾಡುವ ವ್ಯಾಪಾರಿಯನ್ನು ಪೇಟೆಯಲ್ಲಿ ಯಾರೂ ಮಿತವ್ಯಯಿ ಎನ್ನುವುದಿಲ್ಲ.

ನಮ್ಮ ಪಾಲಿಗೆ ಇನ್ನೊಂದು ತೊಡಕೂ ಇದೆ. ಅಡಿಗೆಗೆ ಕಾಲದ ಮರ್ಯಾದೆ ಇದೆ. ಅನ್ನಬೇಳೆಗಳಿಗೆ ಎರಡು ಪ್ರಹರ, ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ ಎಂದು ಹಿರಿಯರು ಗೆರೆ ಎಳೆದಿದ್ದಾರೆ. ಗೆರೆ ದಾಟಿದ್ದು ಚಲಿತರಸ, ಸೂಕ್ಷ್ಮಜೀವಿಗಳ ನೆಲೆ. ಬೇಯಿಸಿದರೂ ಸಾಯದ ಕೆಲವು ರೋಗಾಣುಗಳ ಬೀಜಕಗಳು ಅನ್ನದಲ್ಲಿ ಉಳಿದು, ಅದು ಹೊರಗೆ ಬೆಚ್ಚಗೆ ಇದ್ದಷ್ಟು ಹೊತ್ತೂ ವೃದ್ಧಿಯಾಗುತ್ತವೆ ಎಂದು ಇಂದಿನ ವಿಜ್ಞಾನವೂ ಎಚ್ಚರಿಸುತ್ತದೆ. ಆದ್ದರಿಂದ ಮಿಕ್ಕದ್ದನ್ನು ನಾಳೆಗೆ ಇಟ್ಟುಕೊಳ್ಳಿರಿ ಎಂಬ ಬೋಧೆ ನಿಯಮಸ್ಥ ಶ್ರಾವಕನಿಗೆ ಒದಗದು. ವರ್ತಕನ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ಅಡಿಗೆಮನೆಯ ಕಿರ್ದಿಯಲ್ಲಿ ಇಂದಿನ ಆಖೈರು ಶಿಲ್ಕನ್ನು ನಾಳೆಯ ಆರಂಭದ ಶಿಲ್ಕೆಂದು ಬರೆಯುವಂತಿಲ್ಲ.

ಹಾಗಾದರೆ ನಾವು ಮಾಡುತ್ತಿರುವುದೇನು? ಇಲ್ಲಿ ನನ್ನ ಮನೆಯ ಮಾತನ್ನು ಹೇಳಬೇಕಾಗಿದೆ. ಸಂಕೋಚವಾದರೂ ಹೇಳದೆ ಮುಂದುವರಿಯುವುದು ಅಪ್ರಾಮಾಣಿಕವಾದೀತು.

ನಾನು ಮೂವತ್ತನೆಯ ವಯಸ್ಸಿನಲ್ಲಿ ರಾತ್ರಿಭೋಜನವನ್ನೂ ತಂಗಳನ್ನೂ ತ್ಯಜಿಸಿದೆನು. ನನ್ನ ಧರ್ಮಪತ್ನಿ ಇದ್ದಷ್ಟು ಕಾಲ ನಮ್ಮ ಮನೆಯಲ್ಲಿ ಅನ್ನ ಚೆಲ್ಲಿದ್ದನ್ನು ನಾನು ಕಂಡವನಲ್ಲ. ಆಕೆ ತೀರಿಕೊಂಡ ಮೇಲೆ, ಸೂರ್ಯಾಸ್ತದ ಹೊತ್ತಿಗೆ ಮಿಕ್ಕ ಅನ್ನ ಬಕೆಟ್ಟಿಗೆ ಬೀಳುವುದನ್ನು ಕಾಣತೊಡಗಿದೆನು. ಹಿಂದೆ ಕೊಟ್ಟಿಗೆಯ ಎಮ್ಮೆಗೆ ಮುಸುರೆಯ ಜೊತೆ ಹೋಗುತ್ತಿತ್ತು. ಈಗ ಕೊಟ್ಟಿಗೆಯೂ ಇಲ್ಲ, ಎಮ್ಮೆಯೂ ಇಲ್ಲ. ಹೊಸ ಕಾಲದ ಹೆಣ್ಣುಮಕ್ಕಳಿಗೆ ಹಿಡಿತವಿಲ್ಲವೆಂದು ಒಂದು ದಿನ ಸೊಸೆಗೆ ಕೇಳುವಂತೆಯೇ ಅಂದೆನು. ಆಕೆ ಎದುರುತ್ತರ ಕೊಡಲಿಲ್ಲ. ಅಂಗಡಿಯ ಸಣ್ಣ ತಕ್ಕಡಿಯನ್ನು ತರಿಸಿ, ಏಳು ದಿನ ಚೆಲ್ಲಿದ್ದನ್ನೆಲ್ಲ ತೂಗಿ ಚೀಟಿಯಲ್ಲಿ ಬರೆದಿಟ್ಟಳು. ಮೂರು ಕಿಲೋ ಇನ್ನೂರು ಗ್ರಾಂ. ಚೀಟಿಯನ್ನು ನನ್ನ ಮುಂದಿಟ್ಟು, “ಮಾವನವರೇ, ಅತ್ತೆಯವರ ಕಾಲದಲ್ಲೂ ಇಷ್ಟೇ ಮಿಗುತ್ತಿತ್ತು. ಮರುದಿನ ನೀವು ಅಂಗಡಿಗೆ ಹೋದ ಮೇಲೆ ಅವರು ಅದನ್ನು ಮಜ್ಜಿಗೆ ಕಲಸಿಕೊಂಡು ಉಣ್ಣುತ್ತಿದ್ದರು. ನಿಮಗೆ ಹೇಳಬೇಡವೆಂದು ನನಗೆ ಹೇಳಿದ್ದರು. ನನ್ನಿಂದ ಅದು ಆಗುವುದಿಲ್ಲ” ಎಂದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೂವತ್ತು ವರ್ಷ ನಾನು ತಂಗಳು ಉಣ್ಣದವನೆಂದು ಬಸದಿಯಲ್ಲಿ ತಲೆಯೆತ್ತಿ ನಿಂತಿದ್ದೆನು. ನನ್ನ ವ್ರತದ ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆಯಲಾಗಿತ್ತು. ಆಕೆಯ ಸಹಿಯಿಲ್ಲದೆ, ನನ್ನ ಗಮನಕ್ಕೆ ಬಾರದೆ.

ಮರುದಿನ ಗ್ರಂಥಗಳನ್ನು ಮತ್ತೆ ತೆರೆದೆನು. ಅಭಕ್ಷ್ಯಗಳ ಪಟ್ಟಿ ನನಗೆ ಬಾಯಿಪಾಠವಿತ್ತು. ನಮ್ಮ ಇಂದಿನ ಬೋಧೆಪುಸ್ತಿಕೆಗಳೂ ಬಹುಮಟ್ಟಿಗೆ ಆ ಪಟ್ಟಿಯಲ್ಲೇ ನಿಲ್ಲುತ್ತವೆ. ಆದರೆ ಪೂರ್ವಾಚಾರ್ಯರು ಪಟ್ಟಿಯಲ್ಲಿ ನಿಂತವರಲ್ಲ. ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಅನರ್ಥದಂಡವಿರತಿ, ಉಪಭೋಗಪರಿಭೋಗ ಪರಿಮಾಣ, ಅತಿಥಿಸಂವಿಭಾಗಗಳನ್ನು ಗೃಹಸ್ಥನ ಶೀಲಗಳಲ್ಲಿ ಎಣಿಸಿದ್ದಾರೆ. ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯ ತಪಸ್ಸುಗಳನ್ನು ಹೇಳುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನು, ಅಂದರೆ ಹಸಿವಿಗಿಂತ ಕಡಿಮೆ ಉಣ್ಣುವುದನ್ನು, ಇಟ್ಟಿದ್ದಾರೆ. ಸಮಂತಭದ್ರಸ್ವಾಮಿಗಳು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಭೇದಗಳನ್ನು ವಿವರಿಸುತ್ತ ಪ್ರಮಾದಚರ್ಯೆಯನ್ನು ಹೇಳಿದ್ದಾರೆ: ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಿಗೆ ಮಾಡುವ ಬಾಧೆ.

ಈ ಐದನ್ನೂ ಒಂದು ಹಿಡಿ ಅನ್ನದ ಜೊತೆ ಇಟ್ಟು ನೋಡಬೇಕು. ಉತ್ತ ನೆಲ, ಒಂದು ಕಿಲೋ ಅಕ್ಕಿ ಬೆಳೆಯಲು ಬೇಕಾಗುವ ಸಾವಿರಾರು ಲೀಟರು ನೀರು, ಬೇಯಿಸಿದ ಬೆಂಕಿ, ಬೆಂಕಿಯನ್ನು ಉರಿಸಿದ ಗಾಳಿ, ಕೊಯ್ದ ಸಸ್ಯ, ಐದು ಸ್ಥಾವರಕಾಯಗಳೂ ಅಲ್ಲಿ ನೊಂದಿವೆ. ಉಣ್ಣುವ ಅನ್ನಕ್ಕಾಗಿ ಆದ ಈ ಹಿಂಸೆ ಆರಂಭೀ ಹಿಂಸೆ. ಗೃಹಸ್ಥನಿಗೆ ಅನಿವಾರ್ಯವೆಂದು ಶಾಸ್ತ್ರವು ಒಪ್ಪಿದೆ. ಚೆಲ್ಲಿದ ಅನ್ನಕ್ಕೆ ಆ ಪ್ರಯೋಜನದ ಆಧಾರ ತಪ್ಪಿಹೋಗುತ್ತದೆ. ಅದೇ ಹಿಂಸೆ ಈಗ ಅನರ್ಥದಂಡ. ಹೀಗಿರುವಾಗ ಚಲಿತರಸದ ದೋಷವನ್ನು ತಪ್ಪಿಸಿಕೊಂಡೆನೆಂದು ಪ್ರತಿದಿನ ಅನ್ನ ಚೆಲ್ಲುವವನು ಒಂದು ಬಾಗಿಲಿನಿಂದ ಹೊರಗೆ ಹಾಕಿದ ಹಿಂಸೆಯನ್ನು ಇನ್ನೊಂದರಿಂದ ಒಳಗೆ ಕರೆದಿದ್ದಾನೆ.

ಇದು ಒಂದು ಮನೆಯ ಮಾತಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಹೋದದ್ದು ಮನೆಗಳಿಂದ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅಂದಾಜು. ಛತ್ರದ ಮದುವೆಗಳನ್ನು ದೂರುವುದು ಸುಲಭ. ಲೆಕ್ಕವು ನಮ್ಮ ನಮ್ಮ ಒಲೆಯನ್ನೇ ತೋರಿಸುತ್ತದೆ.

ವೆಚ್ಚದ ಲೆಕ್ಕಶಾಸ್ತ್ರದಲ್ಲಿ ನಷ್ಟವನ್ನು ಸಾಮಾನ್ಯ, ಅಸಾಮಾನ್ಯ ಎಂದು ಎರಡಾಗಿ ವಿಂಗಡಿಸುತ್ತಾರೆ. ಕಾಳನ್ನು ಕೇರಿದಾಗ ಹೋಗುವ ಹೊಟ್ಟು ಸಾಮಾನ್ಯ ನಷ್ಟ, ಅದನ್ನು ಒಳ್ಳೆಯ ಮಾಲಿನ ಬೆಲೆಯಲ್ಲೇ ಸೇರಿಸುತ್ತಾರೆ. ಅಜಾಗರೂಕತೆಯಿಂದ ಕೆಟ್ಟ ಮೂಟೆ ಅಸಾಮಾನ್ಯ ನಷ್ಟ, ಅದನ್ನು ಬೇರೆಯಾಗಿ ಬರೆದು ಯಜಮಾನನ ಕಣ್ಣಿಗೆ ಬೀಳುವಂತೆ ಮಾಡುತ್ತಾರೆ. ಬರೆಯದೆ ಬಿಟ್ಟರೆ ಅದೂ ಸಾಮಾನ್ಯವಾಗಿಬಿಡುತ್ತದೆ. ಸೊಸೆಯ ಚೀಟಿ ಮಾಡಿದ್ದು ಇಷ್ಟೇ. ಪಾಕಪುಸ್ತಕಗಳು ಮಾಡದಿರುವುದೂ ಇಷ್ಟೇ.

ಹಾಗಾದರೆ ಕಟ್ಟುನಿಟ್ಟಾಗಿ ತಲೆ ಎಣಿಸಿ, ಒಂದು ಅಗುಳೂ ಹೆಚ್ಚಾಗದಂತೆ ಬೇಯಿಸಬೇಕೇ? ಅದೂ ಧರ್ಮವಲ್ಲ. ಮುನಿಗಳು ತಮಗಾಗಿ ಮಾಡಿದ ಉದ್ದಿಷ್ಟ ಆಹಾರವನ್ನು ಸ್ವೀಕರಿಸುವುದಿಲ್ಲ. ಮನೆಯವರು ತಮಗೆ ಮಾಡಿಕೊಂಡ ಶುದ್ಧ ಆಹಾರದಲ್ಲೇ ಭಾಗ ತೆಗೆಯಬೇಕು. ಸಂವಿಭಾಗವೆಂಬ ಮಾತಿನ ಅರ್ಥವೇ ಅದು. ಆದ್ದರಿಂದ ಅತಿಥಿಗೆಂದು ಒಂದು ಹಿಡಿ ಹೆಚ್ಚು ಹಾಕುವ ನಮ್ಮ ತಾಯಂದಿರ ಪದ್ಧತಿ ವ್ಯರ್ಥವೆನಿಸದು. ಆ ಹಿಡಿಗೆ ಒಬ್ಬ ಉಣ್ಣುವವನನ್ನು ಹೊತ್ತು ಮೀರುವುದರೊಳಗೆ ಹುಡುಕಬೇಕು. ಹುಡುಕದೆ ಬಿಟ್ಟ ಹಿಡಿ ಔದಾರ್ಯವಾಗದು. ಅಂಗೈಗಳನ್ನೇ ಪಾತ್ರೆ ಮಾಡಿ ನಿಂತು ಉಣ್ಣುವ ಮುನಿಯ ಮುಂದೆ ಎಲೆಯಿಲ್ಲ, ಎಲೆಯ ತುದಿಯಲ್ಲಿ ಬಿಟ್ಟುಬಿಡುವ ಪ್ರಶ್ನೆಯೂ ಇಲ್ಲ. ನಮಗೆ ಅಷ್ಟು ಸಾಧ್ಯವಿಲ್ಲದಿದ್ದರೆ ಎಲೆಯ ಮುಂದೆ ಕುಳಿತಾಗ ಆ ಅಂಗೈಗಳನ್ನು ನೆನೆಯುವುದಾದರೂ ಸಾಧ್ಯ.

ಈಗ ನಮ್ಮ ಮನೆಯ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಯಾರು ಯಾರು ಊಟಕ್ಕಿದ್ದಾರೆಂದು ಬೆಳಿಗ್ಗೆಯೇ ನಾವು ಸೊಸೆಗೆ ತಿಳಿಸುತ್ತೇವೆ. ಬರುವುದಿಲ್ಲವೆಂದು ಹೇಳದೆ ಹೋದವನು ತಪ್ಪಿತಸ್ಥ, ಬೇಯಿಸಿದವಳಲ್ಲ. ಅಕ್ಕಿಯನ್ನು ಕಣ್ಣಳತೆಯಿಂದಲ್ಲ, ನನ್ನ ಪತ್ನಿಯ ಹಿತ್ತಾಳೆಯ ಚಟಾಕಿನಿಂದ ಅಳೆಯುತ್ತೇವೆ. ಸಂಜೆಯ ಊಟಕ್ಕೆ ಅನ್ನಕ್ಕಿಂತ ಜೋಳದ ರೊಟ್ಟಿಯೇ ಹೆಚ್ಚು. ಅದನ್ನು ಉಣ್ಣುವವನು ಕುಳಿತ ಮೇಲೆ ಬಡಿಯಬಹುದು, ಎಣಿಸಿ ಬಡಿಯಬಹುದು. ಹೆಚ್ಚಿಗೆ ಅನ್ನವಿದ್ದರೆ ಬಿಸಿಯಿರುವಾಗಲೇ ಅಂಗಡಿಯ ಹಮಾಲರಲ್ಲಿ ಊಟವಾಗದವರಿಗೆ ಬಡಿಸುತ್ತೇವೆ. ತಂಗಳಾದ ಮೇಲೆ ಕೊಡುವುದು ದಾನವೆನಿಸುವುದಿಲ್ಲವೆಂದು ಸೊಸೆಯ ಅಭಿಪ್ರಾಯ, ನನ್ನದೂ ಅದೇ.

ಹೋಳಿಗೆಯ ದಿನದ ಕಟ್ಟಿನ ಸಾರು ಮರುದಿನವೇ ಹೆಚ್ಚು ರುಚಿಯೆಂದು ಊರೆಲ್ಲ ಹೇಳುತ್ತದೆ. ಬಾಲ್ಯದಲ್ಲಿ ಗೆಳೆಯನ ಮನೆಯಲ್ಲಿ ಉಂಡು ನೋಡಿದ್ದೇನೆ, ಊರು ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಅದನ್ನು ಅಂದೇ ಮುಗಿಸುತ್ತೇವೆ. ಮೊಮ್ಮಕ್ಕಳು ಪಾತ್ರೆಯನ್ನು ಓರೆಮಾಡಿ, ತಳದ ಗಸಿಯನ್ನು ಸೌಟಿನಿಂದ ಕೆರೆದು, ಕೊನೆಯ ತುತ್ತು ಯಾರದೆಂದು ಜಗಳವಾಡುತ್ತಾರೆ. ಆ ಜಗಳವನ್ನು ಕೇಳುತ್ತ ಕುಳಿತಿರುವುದು ಈ ವಯಸ್ಸಿನಲ್ಲಿ ನನಗೆ ದೊರಕಿದ ದೊಡ್ಡ ಸುಖ. ಚೀಟಿ ಬರೆಯುವುದು ಇನ್ನೂ ನಿಂತಿಲ್ಲ. ಕಳೆದ ವಾರದ ಮೊತ್ತ ನಾಲ್ಕುನೂರು ಗ್ರಾಂ.

ಅದು ಸೊನ್ನೆಯಲ್ಲವೆಂಬುದು ನನಗೆ ತಿಳಿದಿದೆ. ನನ್ನ ಪತ್ನಿಯ ಖಾತೆಗೆ ನಾನು ಸಲ್ಲಿಸಬೇಕಾದ ಬಾಕಿಯನ್ನು ಯಾವ ತಕ್ಕಡಿಯಲ್ಲೂ ತೂಗಲಾಗದೆಂಬುದೂ ತಿಳಿದಿದೆ. ವಾಚಕ ಬಂಧುಗಳು ತಮ್ಮ ಮನೆಯಲ್ಲಿ ಒಂದು ವಾರ ತಕ್ಕಡಿ ಇಟ್ಟು ನೋಡಬೇಕೆಂದೂ, ಅದಕ್ಕೂ ಮೊದಲು ತಮ್ಮ ನಿಯಮದ ಖರ್ಚನ್ನು ಮನೆಯಲ್ಲಿ ಯಾರು ಭರಿಸುತ್ತಿದ್ದಾರೆಂದು ವಿಚಾರಿಸಬೇಕೆಂದೂ ನನ್ನ ವಿನಮ್ರ ಪ್ರಾರ್ಥನೆ.