ಚೊಕ್ಕಟ ಸಾಕೆಂದ ವೈದ್ಯ

ಮೂತ್ರಕೋಶ ತಾನಾಗಿ ಬರಿದಾಗದವರು ದಿನಕ್ಕೆ ನಾಲ್ಕಾರು ಸಲ ತಾವೇ ತೆಳು ಕ್ಯಾಥೆಟರ್ ತೂರಿಸಿ ಮೂತ್ರ ಹೊರಹಾಕಿಕೊಳ್ಳಬಹುದು. ಅದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಡ, ಸೋಪು ಹಚ್ಚಿ ತೊಳೆದ ಕೈ, ಚೊಕ್ಕಟವಾದ ನಳಿಗೆ ಸಾಕು. ಮಿಶಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡೆಸ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟೇ. ಬಿಟ್ಟುಬಿಟ್ಟು ಕ್ಯಾಥೆಟರ್ ಹಾಕುವ ಕ್ರಮ ಅದಕ್ಕೂ ಮೊದಲೇ ಇತ್ತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಬೆನ್ನುಹುರಿ ಮುರಿದ ಸೈನಿಕರಿಗೆ ಅದನ್ನು ಅನುಸರಿಸಿದ್ದರು. ಆದರೆ ಅಲ್ಲಿ ಕ್ರಿಮಿರಹಿತ ಶಿಸ್ತು ಕಡ್ಡಾಯವಾಗಿತ್ತು. ನಳಿಗೆಯನ್ನು ಆಸ್ಪತ್ರೆಯ ಕೈಯಿಂದ ಬಿಡಿಸಿ ರೋಗಿಯ ಕೈಗೆ ಕೊಟ್ಟದ್ದು ಲ್ಯಾಪಿಡೆಸ್ ಅವರ ಸಾಧನೆ. ಆ ವಿಧಾನ ಎಷ್ಟು ಸರಿ, ಎಲ್ಲಿ ಸೋಲುತ್ತದೆ ಎಂದು ತೂಗಬೇಕಾದರೆ ಆರೋಗ್ಯವಂತ ಮೂತ್ರಕೋಶ ಮಾಡುವ ಕೆಲಸವನ್ನೇ ಅಳತೆಗೋಲಾಗಿ ಹಿಡಿಯಬೇಕು.

ಅದರ ಕೆಲಸ ಎರಡು: ಕೂಡಿಡುವುದು, ಬರಿದು ಮಾಡುವುದು. ದಿನದ ಬಹುಪಾಲು ಹೊತ್ತು ಮೊದಲನೆಯದೇ ನಡೆದಿರುತ್ತದೆ. ಬೆನ್ನುಹುರಿಯ ಎದೆಭಾಗದ ತುದಿ ಮತ್ತು ಸೊಂಟಭಾಗದ ಮೇಲ್ತುದಿಯಿಂದ ಬರುವ ಸಿಂಪಥೆಟಿಕ್ ನರಗಳು ಗೋಡೆಯನ್ನು ಸಡಿಲವಾಗಿಟ್ಟು ಕೊರಳನ್ನು ಬಿಗಿಯುತ್ತವೆ. ತ್ರಿಕಾಸ್ಥಿ ಭಾಗದಿಂದ ಹೊರಟ ಪ್ಯುಡೆಂಡಲ್ ನರ, ನಮ್ಮ ಹತೋಟಿಯಲ್ಲಿರುವ ಹೊರ ಬಿಗಿಸ್ನಾಯುವನ್ನು ಹಿಡಿದಿಡುತ್ತದೆ. ವಯಸ್ಕರಲ್ಲಿ ಸುಮಾರು 150ರಿಂದ 200 ಮಿಲಿಲೀಟರ್ ತುಂಬಿದಾಗ ಮೊದಲ ಸುಳಿವು ಸಿಗುತ್ತದೆ. 400-500 ತಲುಪುವವರೆಗೂ ಒಳಗಿನ ಒತ್ತಡ ಹೆಚ್ಚೇನೂ ಏರುವುದಿಲ್ಲ. ಬರಿದು ಮಾಡುವ ಹೊತ್ತಿಗೆ ಪ್ಯಾರಾಸಿಂಪಥೆಟಿಕ್ ನರಗಳು ಡಿಟ್ರೂಸರ್ ಎಂಬ ಗೋಡೆಸ್ನಾಯುವನ್ನು ಹಿಂಡಿಸುತ್ತವೆ, ಅದೇ ಗಳಿಗೆಗೆ ಬಿಗಿಸ್ನಾಯು ಸಡಿಲುತ್ತದೆ. ಈ ಹೊಂದಾಣಿಕೆಯ ಕೇಂದ್ರ ಮೆದುಳುಕಾಂಡದ ಪಾನ್ಸ್‌ನಲ್ಲಿದೆ. ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಅದನ್ನು ಗುರುತಿಸಿದವರು ಬ್ಯಾರಿಂಗ್ಟನ್, ಕಾಲ 1925. ಈಗ ಬೇಡ, ಆಮೇಲೆ ಎಂದು ತಡೆಯುವ ಅಧಿಕಾರ ಮಾತ್ರ ಇನ್ನೂ ಮೇಲಿನ ಮುಂಮೆದುಳಿನದು.

ಬೆನ್ನುಹುರಿ ತುಂಡಾದರೆ ಪಾನ್ಸ್‌ನ ಆಜ್ಞೆ ಕೆಳಗಿಳಿಯದು. ತ್ರಿಕಾಸ್ಥಿ ಭಾಗದ ಪ್ರತಿವರ್ತನೆ ಉಳಿದರೂ ಹೊಂದಾಣಿಕೆ ತಪ್ಪುತ್ತದೆ. ಒಂದೇ ಬಾಗಿಲನ್ನು ಒಬ್ಬ ಒಳಗಿನಿಂದ ದೂಡುತ್ತಿರುವಾಗ ಇನ್ನೊಬ್ಬ ಹೊರಗಿನಿಂದ ಒತ್ತಿ ಹಿಡಿದ ಹಾಗೆ ಗೋಡೆಯೂ ಬಿಗಿಸ್ನಾಯುವೂ ಒಟ್ಟಿಗೇ ಬಿಗಿಯುತ್ತವೆ. ಒತ್ತಡ ಏರುತ್ತದೆ, ಗೋಡೆ ದಪ್ಪಗಟ್ಟುತ್ತದೆ, ಕೊನೆಗೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಪೆಟ್ಟು ಹುರಿಯ ಕೆಳತುದಿಗೇ ಬಿದ್ದಿದ್ದರೆ ಗೋಡೆ ಹಿಂಡುವುದನ್ನೇ ಬಿಟ್ಟು, ಮೂತ್ರ ತುಂಬಿ ಸೋರುತ್ತದೆ.

ಲ್ಯಾಪಿಡೆಸ್ ವಿಧಾನದ ದೊಡ್ಡ ಗುಣ ಇಲ್ಲಿ ಕಾಣುತ್ತದೆ: ತುಂಬುವ, ಬರಿದಾಗುವ ಲಯವನ್ನು ಅದು ಕೆಡಿಸುವುದಿಲ್ಲ. ಸದಾ ಒಳಗೇ ಇರುವ ಫೋಲಿ ಕ್ಯಾಥೆಟರ್ ಮೂತ್ರಕೋಶವನ್ನು ತುಂಬಲು ಬಿಡದೆ ಕುಗ್ಗಿಸುತ್ತದೆ. ತಿಂಗಳೊಳಗೆ ಬಹುತೇಕ ಎಲ್ಲರಲ್ಲೂ ಬ್ಯಾಕ್ಟೀರಿಯಾ ನೆಲೆಯೂರುತ್ತವೆ, ಕಲ್ಲುಗಳಿಗೂ ದಾರಿಯಾಗುತ್ತದೆ. ಅತಿಯಾಗಿ ಹಿಗ್ಗಿದ ಗೋಡೆಗೆ ರಕ್ತ ಸಾಲದೆ ಅದು ಸೋಂಕಿಗೆ ಸೋಲುತ್ತದೆ, ಆದ್ದರಿಂದ ಕ್ರಿಮಿಯನ್ನು ಅಟ್ಟುವುದಕ್ಕಿಂತ ಹೊತ್ತಿಗೆ ಸರಿಯಾಗಿ ಬರಿದು ಮಾಡುವುದು ಮುಖ್ಯ ಎಂಬುದು ಲ್ಯಾಪಿಡೆಸ್ ವಾದ. ಈ ವಿಧಾನ ಅನುಸರಿಸುವವರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಸಿಗುತ್ತವೆ. ಆದರೆ ರೋಗಲಕ್ಷಣವಿಲ್ಲದಿದ್ದರೆ ಅದಕ್ಕೆ ಆ್ಯಂಟಿಬಯೋಟಿಕ್ ಬೇಡ ಎಂಬುದು ಇಂದಿನ ಒಪ್ಪಿತ ನಿಲುವು.

ಕೊರತೆಯೂ ಅಲ್ಲೇ ಇದೆ. ನಳಿಗೆ ನಿಭಾಯಿಸುವುದು ಬರಿದು ಮಾಡುವ ಕೆಲಸವನ್ನಷ್ಟೇ. ಎರಡು ಸರದಿಗಳ ನಡುವಿನ ಗಂಟೆಗಳಲ್ಲಿ ಒತ್ತಡ ಏರಿದರೆ ಅದಕ್ಕೆ ಗೊತ್ತಾಗದು. ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿದ್ದ ಮಕ್ಕಳನ್ನು ಗಮನಿಸಿದ ಮ್ಯಾಕ್‌ಗ್ವಾಯರ್ ತಂಡ, ಮೂತ್ರ ಸೋರುವ ಹೊತ್ತಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ದಾಟಿದರೆ ಮೂತ್ರಪಿಂಡಕ್ಕೆ ಅಪಾಯವೆಂದು 1981ರಲ್ಲಿ ತೋರಿಸಿತು. ಹಾಗಾಗಿ ಒಳಗಿನ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆಯಿಲ್ಲದೆ, ಬೇಕಾದವರಿಗೆ ಗೋಡೆಯ ಬಿಗಿತ ತಗ್ಗಿಸುವ ಆಕ್ಸಿಬ್ಯುಟಿನಿನ್ ಅಥವಾ ಬೊಟುಲಿನಮ್ ಚುಚ್ಚುಮದ್ದು ಕೊಡದೆ ನಳಿಗೆ ಕೊಟ್ಟು ಮನೆಗೆ ಕಳಿಸುವುದು ಅರ್ಧ ಚಿಕಿತ್ಸೆ.

ಇನ್ನು ಕೈಯ ಪ್ರಶ್ನೆ. ಕುತ್ತಿಗೆಯಲ್ಲಿ ಹುರಿ ಮುರಿದ ಹಲವರ ಬೆರಳು ನಳಿಗೆ ಹಿಡಿಯದು. ಮೂತ್ರದ್ವಾರ ಕಣ್ಣಿಗೆ ಕಾಣದ ಹೆಂಗಸರು ಕನ್ನಡಿಯಿಟ್ಟು ಕಲಿಯಬೇಕು. ಜೊತೆಗೆ, ಕಳೆದುಹೋದ ಅರಿವಿನ ಜಾಗಕ್ಕೆ ಗಡಿಯಾರ ಬರುತ್ತದೆ: ನಾಲ್ಕರಿಂದ ಆರು ಗಂಟೆಗೊಮ್ಮೆ, ಒಂದು ಸಲಕ್ಕೆ 500 ಮಿಲಿಲೀಟರ್ ಮೀರದಂತೆ. ಕುಡಿಯುವ ನೀರಿಗೂ ಲೆಕ್ಕ. ಕರಾವಳಿ, ಮಲೆನಾಡುಗಳಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದುಕೊಂಡ ದುಡಿಮೆಗಾರನಿಗೆ ಈ ಲೆಕ್ಕ ಕಲಿಸಬಹುದು. ಆದರೆ ಗಾಲಿಕುರ್ಚಿ ಹೋಗುವ, ನೀರಿರುವ, ಚಿಲಕ ಬೀಳುವ ಶೌಚಾಲಯವನ್ನು ಯಾವ ವೈದ್ಯರೂ ಬರೆದುಕೊಡಲಾರರು. ‘ಚೊಕ್ಕಟ ಸಾಕು’ ಎಂಬ ಮಾತಿನ ಹಿಂದೆ ನಲ್ಲಿ, ಸೋಪು, ಮರೆ ಇದ್ದೇ ಇರುತ್ತವೆಂಬ ನಂಬಿಕೆ ಅಡಗಿದೆ.

ಇದಕ್ಕಿಂತ ಜಾಣ ಪರಿಹಾರಗಳು ಬಂದಿಲ್ಲವೆಂದಲ್ಲ. ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ತ್ರಿಕಾಸ್ಥಿ ನರಬೇರುಗಳಿಗೆ ಎಲೆಕ್ಟ್ರೋಡ್ ಜೋಡಿಸಿ, ಗುಂಡಿ ಒತ್ತಿದರೆ ಮೂತ್ರಕೋಶ ಹಿಂಡುವಂತೆ ಮಾಡಿದರು. ನರಶಾಸ್ತ್ರದ ದೃಷ್ಟಿಯಿಂದ ಅದು ಸೊಗಸಾದ ಕೆಲಸ. ಆದರೆ ಜೊತೆಗೆ ಹಿಂಬೇರುಗಳನ್ನು ಸಾಮಾನ್ಯವಾಗಿ ಕತ್ತರಿಸುವುದರಿಂದ ಉಳಿದಿದ್ದ ಸಂವೇದನೆ, ಪ್ರತಿವರ್ತನೆಯ ಲೈಂಗಿಕ ಸ್ಪಂದನ ಎರಡೂ ಹೋಗುತ್ತವೆ. ಖರ್ಚಂತೂ ಕೆಲವರಿಗಷ್ಟೇ ನಿಲುಕುವಂಥದ್ದು.

ಹಾಗಾಗಿ ನನ್ನ ಮತ ಲ್ಯಾಪಿಡೆಸ್ ಕಡೆಗೇ, ಒಂದು ಷರತ್ತಿನ ಮೇಲೆ. ಅವರ ವಿಧಾನ ನರವನ್ನು ರಿಪೇರಿ ಮಾಡುವುದಿಲ್ಲ, ಹಾಗೆಂದು ಹೇಳಿಕೊಳ್ಳುವುದೂ ಇಲ್ಲ. ನರ ಬಿಟ್ಟ ಕೆಲಸದ ಅರ್ಧವನ್ನು ಅಗ್ಗದಲ್ಲಿ, ರೋಗಿಯ ಸ್ವಾತಂತ್ರ್ಯ ಉಳಿಸಿ ಮಾಡಿಕೊಡುತ್ತದೆ. ಒತ್ತಡದ ಕಾವಲು ಎಂಬ ಇನ್ನರ್ಧವನ್ನು ಆಸ್ಪತ್ರೆ ವಹಿಸಿಕೊಳ್ಳದಿದ್ದರೆ ಮೂತ್ರಪಿಂಡ ಸೋತಾಗ ದೂರುವುದು ನಳಿಗೆಯನ್ನಲ್ಲ, ತಪಾಸಣೆ ತಪ್ಪಿಸಿದ ವ್ಯವಸ್ಥೆಯನ್ನು.