ಏಳು ದಿನದ ನಿದ್ದೆ, ನೂರು ವರ್ಷದ ವ್ಯಾಜ್ಯ

ವರ್ಜೀನಿಯಾ ವುಲ್ಫ್ ಅವರ ‘ಒರ್ಲಾಂಡೊ’ (1928) ಕಾದಂಬರಿಯ ನಾಯಕ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಾಯಭಾರಿ. ಅಲ್ಲಿ ಏಳು ದಿನ ಸತ್ತವನಂತೆ ಮಲಗಿದವನು ಎದ್ದಾಗ ಹೆಣ್ಣು. ನಿಲುವುಗನ್ನಡಿಯಲ್ಲಿ ಅಡಿಯಿಂದ ಮುಡಿಯವರೆಗೆ ನೋಡಿಕೊಂಡು, ಗಾಬರಿಯ ಸುಳಿವೂ ಇಲ್ಲದೆ ಸ್ನಾನಕ್ಕೆ ಹೋಗುತ್ತಾಳೆ.

ನಮ್ಮ ಪುರಾಣಗಳಲ್ಲಾದರೆ ಇಂಥದ್ದಕ್ಕೊಂದು ಲೆಕ್ಕ ಇರುತ್ತದೆ. ಶಿಖಂಡಿ ಗಂಡಾದದ್ದು ಸ್ಥೂಣಾಕರ್ಣನೆಂಬ ಯಕ್ಷನಿಂದ ಗಂಡುತನ ಕಡ ಪಡೆದು. ನಡುವೆ ಕುಬೇರನ ಶಾಪ ಬೇರೆ. ವುಲ್ಫ್ ಶಾಪ, ವರ, ಮಂತ್ರ ಯಾವುದನ್ನೂ ತರುವುದಿಲ್ಲ. ಕಾರಣ ಕೊಟ್ಟಿದ್ದರೆ ಓದುಗ ಆ ಕಾರಣವನ್ನೇ ಹಿಡಿದು ಕೂರುತ್ತಿದ್ದ. ಕೊಡದಿರುವುದೇ ಈ ಕೃತಿಯ ಜಾಣತನ.

ಕಷ್ಟವೆಲ್ಲ ಶುರುವಾಗುವುದು ಊರಿಗೆ ಮರಳುವ ಹಡಗಿನಲ್ಲಿ, ಲಂಗ ತೊಟ್ಟಮೇಲೆ. ಆಕೆಯ ಮೀನಖಂಡ ಒಂದೆರಡು ಅಂಗುಲ ಕಂಡದ್ದಕ್ಕೇ ಹಾಯಿಕಂಬದ ಮೇಲಿದ್ದ ನಾವಿಕ ಕಾಲುಜಾರಿ ಬೀಳುವುದರಲ್ಲಿದ್ದ. ಲಂಡನ್ನಿಗೆ ಬಂದರೆ ದಾವೆಗಳ ಸಾಲು: ಆಕೆ ಸತ್ತಿದ್ದಾಳೆ, ಹಾಗಾಗಿ ಆಸ್ತಿಯಿಲ್ಲ, ಹೆಣ್ಣಾಗಿದ್ದಾಳೆ, ಹಾಗಾಗಿಯೂ ಇಲ್ಲ. ತೀರ್ಪು ಬರುವಷ್ಟರಲ್ಲಿ ವಿಕ್ಟೋರಿಯಾ ರಾಣಿಯ ಕಾಲ. ಮೈ ಬದಲಾಗಲು ಒಂದು ವಾರ ಸಾಕಾಯಿತು, ಕಾಗದಪತ್ರ ಬದಲಾಗಲು ಶತಮಾನ! ಕೃತಿಯ ಅರ್ಪಣೆ ವುಲ್ಫ್ ಪ್ರೀತಿಸಿದ ವೀಟಾ ಸ್ಯಾಕ್‌ವಿಲ್-ವೆಸ್ಟ್‌ಗೆ. ಆಕೆಯ ತಂದೆ ತೀರಿಕೊಂಡದ್ದೂ 1928ರಲ್ಲೇ. ಹೆಣ್ಣೆಂಬ ಕಾರಣಕ್ಕೆ ಪೂರ್ವಿಕರ ನೋಲ್ ಅರಮನೆ ಆಕೆಗೆ ದಕ್ಕದೆ ಚಿಕ್ಕಪ್ಪನ ಪಾಲಾಯಿತು. ಕಾದಂಬರಿಯ ವಿನೋದದ ಅಡಿಯಲ್ಲಿರುವ ಸಿಟ್ಟು ಇದು.

ಮಾಯೆ ಗುರಾಣಿಯೂ ಆಯಿತು. ಅದೇ ವರ್ಷ ಬಂದ ರಾಡ್‌ಕ್ಲಿಫ್ ಹಾಲ್ ಅವರ ‘ದಿ ವೆಲ್ ಆಫ್ ಲೋನ್ಲಿನೆಸ್’ ಹೆಂಗಸರ ನಡುವಿನ ಪ್ರೇಮವನ್ನು ನೇರವಾಗಿ ಬರೆಯಿತು. ಲಂಡನ್ನಿನ ಕೋರ್ಟು ಅದರ ಪ್ರತಿಗಳನ್ನು ನಾಶಮಾಡಲು ಆದೇಶಿಸಿತು. ‘ಒರ್ಲಾಂಡೊ’ದ ತಂಟೆಗೆ ಯಾರೂ ಹೋಗಲಿಲ್ಲ.

ಹಾಗೆಂದು ಎಲ್ಲವನ್ನೂ ಒಪ್ಪಲಾಗದು. ತುರ್ಕಿಯೂ ಜಿಪ್ಸಿಗಳೂ ಇಲ್ಲಿ ಬರಿಯ ರಂಗಪರದೆ. ಮೊದಲ ಪುಟದಲ್ಲೇ ಹುಡುಗ ಒರ್ಲಾಂಡೊ ತೊಲೆಗೆ ತೂಗುಹಾಕಿದ ಆಫ್ರಿಕಾದ ಮೂರ್ ಜನಾಂಗದವನೊಬ್ಬನ ಒಣಗಿದ ತಲೆಗೆ ಕತ್ತಿ ಬೀಸಿ ಆಡುತ್ತಾನೆ. ಅದು ವ್ಯಂಗ್ಯ ಎನ್ನುವವರಿದ್ದಾರೆ. ನನಗೆ ಆ ಸಮಾಧಾನ ಸಾಲದು.

ಇನ್ನೂ ಹೆಚ್ಚು ಚುಚ್ಚುವುದು ಆರ್ಚ್‌ಡ್ಯೂಕ್ ಹ್ಯಾರಿಯ ಪಾತ್ರ. ಗಂಡು ಒರ್ಲಾಂಡೊನ ಚಿತ್ರಪಟಕ್ಕೆ ಮನಸೋತು, ಅವನ ಹತ್ತಿರ ಸುಳಿಯಲೆಂದು ಹೆಣ್ಣುವೇಷ ಹಾಕಿಕೊಂಡು ಬಂದವನು ಈತ. ಒರ್ಲಾಂಡೊ ಗಂಡುಡುಗೆ ತೊಟ್ಟು ರಾತ್ರಿ ಲಂಡನ್ ಸುತ್ತಿದರೆ ಅದು ಸೊಗಸು. ಹ್ಯಾರಿ ಲಂಗ ಉಟ್ಟರೆ ಹಾಸ್ಯ. ಮಾಯೆಯ ನೆರವಿಲ್ಲದೆ, ಪ್ರೀತಿಯೊಂದನ್ನೇ ನೆಚ್ಚಿ ವೇಷ ಬದಲಿಸಿದ ಈ ಅಳುಬುರುಕನನ್ನು ಕಾದಂಬರಿ ಕೊನೆಗೆ ಅಂಗಿಯೊಳಗೆ ಕಪ್ಪೆ ಬಿಟ್ಟು ಓಡಿಸುತ್ತದೆ.